ನಿಯೋಗ ಹೊರಟಿತು ಸರಿ, ಕಳಿಸಿದವರು ಯಾರು?

 

ಹೋದ ತಿಂಗಳು ಪಿಯುಸಿ ಓದೋ ಹುಡುಗಿಯೊಬ್ಬಳು ವಾಯ್ಸ್ ನೋಟ್ ಕಳಿಸಿದ್ದಳು. ‘ಸರ, ಸುದ್ದಿಯೊಳಗ ಯಾವಾಗ ನೋಡಿದ್ರೂ ಸರ್ವಪಕ್ಷ ನಿಯೋಗ ದೆಹಲಿಗೆ ಅಂತ ಬರ್ತದ. ನಮ್ಮ ಅಜ್ಜಿ ಹೇಳೋ ಮಹಾಭಾರತದಾಗ ನಿಯೋಗ ಅಂದ್ರ ಬ್ಯಾರೆನ ಐತಲ್ರಿ?’ ನಾನು ಜೋರಾಗಿ ನಕ್ಕೆ. ಆಮೇಲೆ ಯೋಚಿಸಿದೆ, ಇದರಲ್ಲಿ ನಗೋದೇನಿದೆ? ಪ್ರಶ್ನೆ ಸರಿಯಾಗೇ ಇದೆ. ಆ ಪ್ರಶ್ನೆಯ ಬೆನ್ನು ಹತ್ತಿ ಹೋಗಿದ್ದೇ ಇವತ್ತಿನ ಎಪಿಸೋಡ್.

ಅಜ್ಜಿ ಹೇಳಿದ್ದು ಖರೆ. ವಿಚಿತ್ರವೀರ್ಯ ಮಕ್ಕಳಿಲ್ಲದೆ ಸತ್ತ. ವಂಶ ಉಳಿಯಬೇಕಲ್ಲ, ತಾಯಿ ಸತ್ಯವತಿ ವ್ಯಾಸರನ್ನು ಕರೆಸಿದಳು. ಅಂಬಿಕೆಗೆ ಧೃತರಾಷ್ಟ್ರ, ಅಂಬಾಲಿಕೆಗೆ ಪಾಂಡು ಹುಟ್ಟಿದರು. ಇಲ್ಲದ ಗಂಡನ ಪರವಾಗಿ ಇನ್ನೊಬ್ಬನನ್ನು ನೇಮಿಸೋದು, ಅದಕ್ಕೆ ನಿಯೋಗ ಅಂತ ಹೆಸರು. ಸುದ್ದಿಯಲ್ಲಿ ಬರೋ ನಿಯೋಗ ಬೇರೆ ಪದವೇನಲ್ಲ, ಅದೇ ಪದ. ಒಳಗೆ ‘ಯುಜ್’ ಅನ್ನೋ ಧಾತು ಕೂತಿದೆ. ಜೋಡಿಸು, ಕಟ್ಟು, ಹೂಡು ಅಂತ ಅರ್ಥ. ಎತ್ತನ್ನ ಬಂಡಿಗೆ ಹೂಡ್ತಾರಲ್ಲ, ಆ ಹೂಡುವುದು. ಉದ್ಯೋಗ, ಪ್ರಯೋಗ, ವಿನಿಯೋಗ ಎಲ್ಲ ಅದೇ ಕೊಟ್ಟಿಗೆಯ ದನಗಳು. ಸರ್ಕಾರಿ ಶಾಲೆಯ ಮಾಸ್ತರನ್ನ ಡೆಪ್ಯುಟೇಷನ್ ಮೇಲೆ ಬೇರೆ ಊರಿಗೆ ಹಾಕಿದರೆ ‘ನಿಯೋಜನೆ’ ಅಂತಾರೆ, ಅದೂ ಅಲ್ಲಿಯದೇ.

ಹಳೆಯ ಶಾಸನಗಳಲ್ಲಿ ನಿಯೋಗ ಅಂದ್ರೆ ರಾಜ ಕೊಟ್ಟ ಹುದ್ದೆ. ಹೊಯ್ಸಳರ ಕಾಲದ ಶಾಸನಗಳಲ್ಲಿ ‘ಬಾಹತ್ತರ ನಿಯೋಗಾಧಿಪತಿ’ ಅನ್ನೋ ಬಿರುದು ಬರುತ್ತೆ. ಬಾಹತ್ತರ ಅಂದ್ರೆ ಎಪ್ಪತ್ತೆರಡು. ಎಪ್ಪತ್ತೆರಡು ಹುದ್ದೆಗಳ ಮೇಲಿನ ಯಜಮಾನ. ಅಲ್ಲಿ ನಿಯೋಗ ಮೇಲಿನಿಂದ ಕೆಳಗೆ ಇಳಿಯುತ್ತೆ: ರಾಜ ನೇಮಿಸ್ತಾನೆ, ನೀನು ಕೆಲಸ ಮಾಡ್ತೀಯ. ಈಗ ಪದದ ಮುಖ ತಿರುಗಿದೆ. ಜನ ನೇಮಿಸ್ತಾರೆ, ನಾಲ್ಕು ಮಂದಿ ಮಂತ್ರಿಯ ಹತ್ತಿರ ಹೋಗ್ತಾರೆ. ಮೇಲಿನಿಂದ ಕೆಳಗೆ ಬರೋದಕ್ಕೆ ನಾವು ‘ಆಯೋಗ’ ಅಂತ ಬೇರೆ ಪದ ಇಟ್ಟುಕೊಂಡಿದ್ದೇವೆ. ನಿಯೋಗ ಮತ್ತು ಆಯೋಗ ಒಂದೇ ತಾಯಿಯ ಮಕ್ಕಳು. ಒಂದು ಹತ್ತುತ್ತೆ, ಇನ್ನೊಂದು ಇಳಿಯುತ್ತೆ. ಎರಡೂ ಎದುರಾಬದುರಾ ಕೂತ ಒಂದು ಪ್ರಸಂಗ ನಮ್ಮ ಊರಿನ ಚರಿತ್ರೆಯಲ್ಲೇ ಇದೆ, ಅಲ್ಲಿಗೆ ಬರ್ತೀನಿ.

ಅದಕ್ಕೂ ಮೊದಲು ಇನ್ನೊಂದು ಪದ. ಧಾರವಾಡ, ಗದಗ, ಬಾಗಲಕೋಟೆ ಕಡೆಯ ಹಳ್ಳಿಗಳಲ್ಲಿ ಈ ಕೆಲಸಕ್ಕೆ ನಿಯೋಗ ಅನ್ನೋ ಪದವನ್ನ ಯಾರೂ ಬಳಸ್ತಿರಲಿಲ್ಲ. ಅಲ್ಲಿರೋ ಪದ ‘ದೈವ’. ‘ಕಾಂತಾರ’ ನೋಡಿದ ಮೇಲೆ ದೈವ ಅಂದ ಕೂಡಲೇ ಎಲ್ಲರ ಕಣ್ಣ ಮುಂದೆ ಕರಾವಳಿಯ ಕೋಲವೇ ಬರುತ್ತೆ. ಆದರೆ ನಮ್ಮ ಕಡೆಯ ಜಾತ್ರೆಯ ಹ್ಯಾಂಡ್‌ಬಿಲ್ ತೆಗೆದು ಕೊನೆಯ ಸಾಲು ನೋಡ್ರಿ, ‘ಸಮಸ್ತ ದೈವದವರು’ ಅಂತ ಇರುತ್ತೆ. ಇಲ್ಲಿ ದೈವ ಅಂದ್ರೆ ದೇವರಲ್ಲ, ಕೂಡಿದ ಜನ. ಸಮಾಜದ ಹಿರಿಯರು, ಪಂಚರು, ಊರಿನ ಪರವಾಗಿ ಮಾತಾಡೋರು. ಹೊಲದ ಬದುವಿನ ಜಗಳ ಬಂತಾ, ಅಣ್ಣತಮ್ಮಂದಿರ ಪಾಲು ಆಗಬೇಕಾ, ‘ದೈವ ಕೂಡಸ್ರಿ’ ಅಂತಿದ್ದರು. ದೈವದ ಮುಂದೆ ಆಡಿದ ಮಾತು ತಪ್ಪೋ ಹಾಗಿರಲಿಲ್ಲ.

ಕೂಡಿದ ಜನರನ್ನೇ ದೈವ ಅಂತ ಕರೆದ ಭಾಷೆ ನಮ್ಮದು ಅಂತ ಎದೆ ಉಬ್ಬಿಸೋಕೆ ನನಗೂ ಆಸೆಯೇ. ಆದರೆ ಆ ದೈವದಲ್ಲಿ ಕೂತವರು ಯಾರು ಅಂತಲೂ ಕೇಳಬೇಕಲ್ಲ. ಕಟ್ಟೆ ಮೇಲೆ ಹೆಣ್ಣುಮಕ್ಕಳು ಕೂಡ್ತಿರಲಿಲ್ಲ. ಊರ ಹೊರಗಿನ ಕೇರಿಯವರು ದೂರದಲ್ಲಿ ನಿಂತು ತೀರ್ಪು ಕೇಳಿಸಿಕೊಳ್ಳಬೇಕಿತ್ತು. ‘ಸಮಸ್ತ’ ಅನ್ನೋದು ಹ್ಯಾಂಡ್‌ಬಿಲ್‌ನಲ್ಲಿತ್ತು, ಕಟ್ಟೆ ಮೇಲೆ ಇರಲಿಲ್ಲ. ಯಾರ ಪರವಾಗಿ, ಯಾರು ಕಳಿಸಿದರು ಅನ್ನೋ ಪ್ರಶ್ನೆ ಇಲ್ಲಿಂದಲೇ ಶುರು.

ಮೂರನೆಯ ಪದ ಎಲ್ಲರಿಗೂ ಗೊತ್ತು, ‘ವಕೀಲ’. ಕರಿ ಕೋಟು ನೆನಪಾಯಿತಾ? ಕೋರ್ಟುಗಳಿಗಿಂತ ಹಳೆಯದು ಆ ಪದ. ಅರಬ್ಬಿಯಿಂದ ಪಾರಸಿಗೆ, ಅಲ್ಲಿಂದ ನಮ್ಮಲ್ಲಿಗೆ ಬಂತು. ಕೆಲಸ ಒಪ್ಪಿಸಲ್ಪಟ್ಟವನು ಅಂತ ಅರ್ಥ. ಪೇಶ್ವೆಗಳ ವಕೀಲರು ಶ್ರೀರಂಗಪಟ್ಟಣದ ದರ್ಬಾರಿನಲ್ಲಿರ್ತಿದ್ದರು ಅಂದ್ರೆ ಕೇಸು ನಡೆಸೋಕಲ್ಲ, ಪೇಶ್ವೆಯ ಪರವಾಗಿ ಮಾತಾಡೋಕೆ. ಟಿಪ್ಪು ಸುಲ್ತಾನ್ ಫ್ರಾನ್ಸಿಗೆ ಕಳಿಸಿದ ಮೂವರು 1788ರ ಆಗಸ್ಟ್‌ನಲ್ಲಿ ವರ್ಸೇಲ್ಸ್ ಅರಮನೆಯಲ್ಲಿ ಹದಿನಾರನೇ ಲೂಯಿಯ ಮುಂದೆ ನಿಂತಿದ್ದರು. ಮುಂದಿನ ವರ್ಷವೇ ಅಲ್ಲಿ ಕ್ರಾಂತಿ ಆಯಿತು, ಬೇಡಿದ ಸೈನ್ಯ ಬರಲೇ ಇಲ್ಲ. ಹೋಗಲಿ, ನನಗೆ ಬೇಕಾಗಿದ್ದು ವಕೀಲರ ಜೊತೆಗಿರೋ ಆ ಕಾಗದ: ವಕಾಲತ್ತು. ‘ಇವರು ನನ್ನ ಪರವಾಗಿ ಮಾತಾಡಬಹುದು’ ಅಂತ ಕಕ್ಷಿದಾರ ಸಹಿ ಹಾಕಿಕೊಡಬೇಕು. ಇಲ್ಲದಿದ್ರೆ ಎಂಥ ದೊಡ್ಡ ವಕೀಲರಾದರೂ ನ್ಯಾಯಾಧೀಶರು ಮಾತು ಕೇಳಲ್ಲ.

ಈಗ 1920ಕ್ಕೆ ಹೋಗೋಣ.

ಆಗ ಕನ್ನಡ ಮಾತಾಡೋರು ಎಷ್ಟು ಕಡೆ ಹರಿದು ಹೋಗಿದ್ದರು ಅಂತ ತಿಳಿಯೋಕೆ ಬೀದರಿಗೋ ಕೊಡಗಿಗೋ ಹೋಗಬೇಕಿಲ್ಲ, ಹುಬ್ಬಳ್ಳಿ ಸುತ್ತ ಒಂದು ಸುತ್ತು ಹಾಕಿದರೆ ಸಾಕಿತ್ತು. ಹುಬ್ಬಳ್ಳಿ ಬ್ರಿಟಿಷರ ಮುಂಬೈ ಪ್ರಾಂತದಲ್ಲಿತ್ತು. ಪಕ್ಕದ ಕುಂದಗೋಳ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ಲಕ್ಷ್ಮೇಶ್ವರ ಮಿರಜಿನವರದು, ಶಿರಹಟ್ಟಿ ಸಾಂಗ್ಲಿಯವರದು. ತುಂಗಭದ್ರೆಯ ಆ ಕಡೆಯ ಬಳ್ಳಾರಿ ಮದ್ರಾಸಿಗೆ, ಈ ಕಡೆಯ ಕೊಪ್ಪಳ ನಿಜಾಮನಿಗೆ ಸೇರಿದ್ದವು. ಕಾಂಗ್ರೆಸ್ಸಿನೊಳಗೂ ಹಾಗೇ ಇತ್ತು. ಧಾರವಾಡದವರು ಮುಂಬೈ ಪ್ರಾಂತದ ಪ್ರತಿನಿಧಿಗಳಾಗಿ, ಬಳ್ಳಾರಿಯವರು ಮದ್ರಾಸಿನ ಪ್ರತಿನಿಧಿಗಳಾಗಿ ಅಧಿವೇಶನಕ್ಕೆ ಹೋಗಬೇಕಿತ್ತು. ಕನ್ನಡಿಗರ ಪ್ರತಿನಿಧಿ ಅಂತ ಹೇಳಿಕೊಂಡು ಒಳಗೆ ಹೋಗೋಕೆ ಬಾಗಿಲೇ ಇರಲಿಲ್ಲ. ಆಂಧ್ರದವರಿಗೆ ಆಗಲೇ ಪ್ರತ್ಯೇಕ ಪ್ರಾಂತ ಸಮಿತಿ ಸಿಕ್ಕಿತ್ತು ಅನ್ನೋದು ನಮ್ಮವರಿಗೆ ಚುಚ್ಚುತ್ತಿತ್ತು.

ಆ ವರ್ಷ ಧಾರವಾಡದಲ್ಲಿ ಕರ್ನಾಟಕ ರಾಜಕೀಯ ಪರಿಷತ್ತು ಸೇರಿತು. ಅಧ್ಯಕ್ಷತೆ ವಹಿಸಿದ್ದವರು ಮೈಸೂರಿನ ಮಾಜಿ ದಿವಾನರಾದ ವಿ. ಪಿ. ಮಾಧವರಾವ್. ಕನ್ನಡ ಪ್ರದೇಶಗಳೆಲ್ಲ ಒಂದಾಗಬೇಕು ಅಂತ ಠರಾವಾಯಿತು. ಆಲೂರು ವೆಂಕಟರಾಯರು ‘ಕರ್ನಾಟಕ ಗತವೈಭವ’ ಬರೆದು ಆಗ ಮೂರು ವರ್ಷ. ಜನರ ತಲೆಯಲ್ಲಿ ಆ ಚಿತ್ರ ಇನ್ನೂ ಹಸಿಯಾಗಿತ್ತು. ಡಿಸೆಂಬರಿನಲ್ಲಿ ನಾಗಪುರದಲ್ಲಿ ಕಾಂಗ್ರೆಸ್ ಅಧಿವೇಶನವಿತ್ತು. ಎಷ್ಟು ಮಂದಿ ಆಗುತ್ತೋ ಅಷ್ಟು ಮಂದಿ ಹೋಗಬೇಕು ಅಂತ ತೀರ್ಮಾನ ಆಯಿತು.

ಸುಮಾರು 800 ಮಂದಿ ಹೋದರು!

ಹುಬ್ಬಳ್ಳಿಯಿಂದ ಪುಣೆ ಕಡೆಗೆ ಆಗ ಮೀಟರ್ ಗೇಜ್ ಇತ್ತು. ಆ ದಾರಿ ಹಿಡಿದವರು ಪುಣೆಯಲ್ಲಿ ಇಳಿದು ಗಂಟುಮೂಟೆ ಹೊತ್ತು ದೊಡ್ಡ ಗಾಡಿಗೆ ಹತ್ತಬೇಕಿತ್ತು. ಟಿಕೆಟ್ಟಿಗೆ ದುಡ್ಡು ಇದ್ದೋರು, ಕೆಲಸ ಬಿಟ್ಟು ವಾರಗಟ್ಟಲೆ ಹೊರಗಿರೋಕೆ ಆಗೋರು ತಾನೇ ಹೋಗೋದು? ಹಾಗಾಗಿ ಇದನ್ನ ಇಡೀ ನಾಡೇ ಎದ್ದು ಹೋಯಿತು ಅಂತ ನಾನು ಹೇಳಲ್ಲ. ಆದರೂ ಎಂಟುನೂರು! ಆಗ ಪ್ರತಿನಿಧಿಗಳ ಸಂಖ್ಯೆಗೆ ಮಿತಿ ಇರಲಿಲ್ಲ. ಯಾವುದೋ ಸಭೆ, ಯಾವುದೋ ಸಂಘ ಆರಿಸಿ ಕಳಿಸಿದರೆ ನೀನು ಡೆಲಿಗೇಟ್. ನಾಗಪುರದಲ್ಲಿ ಒಟ್ಟು 14,582 ಪ್ರತಿನಿಧಿಗಳಿದ್ದರು. ಅದು ಪ್ರತಿನಿಧಿಗಳ ಸಭೆಗಿಂತ ಹೆಚ್ಚಾಗಿ ಜಾತ್ರೆ. ಆ ಜಾತ್ರೆಯಲ್ಲಿ ನಮ್ಮವರ ಗುಂಪು ಎದ್ದು ಕಾಣೋಷ್ಟು ದೊಡ್ಡದಾಗಿತ್ತು.

ನಾಗಪುರದಲ್ಲಿ ಕಾಂಗ್ರೆಸ್ಸು ಹೊಸ ಸಂವಿಧಾನ ಒಪ್ಪಿತು, ಅದರ ಕರಡಿನ ಹಿಂದೆ ಗಾಂಧೀಜಿ ಇದ್ದರು. ಪ್ರಾಂತ ಸಮಿತಿಗಳು ಬ್ರಿಟಿಷರ ಗೆರೆಯ ಪ್ರಕಾರ ಅಲ್ಲ, ಭಾಷೆಯ ಪ್ರಕಾರ ಇರಬೇಕು ಅಂತಾಯಿತು. 21 ಪ್ರಾಂತಗಳು. ಕರ್ನಾಟಕ ಪ್ರದೇಶ ಕಾಂಗ್ರೆಸ್ ಸಮಿತಿ ಹುಟ್ಟಿದ್ದು ಹಾಗೆ. ಅದೇ ಸಂವಿಧಾನದಲ್ಲಿ ಇನ್ನೊಂದು ನಿಯಮವೂ ಇತ್ತು: ಇನ್ನು ಮುಂದೆ 50,000 ಜನಸಂಖ್ಯೆಗೆ ಒಬ್ಬ ಪ್ರತಿನಿಧಿ. ಅಂದ್ರೆ ದಂಡುಗಟ್ಟಿ ಹೋಗಿ ಗೆದ್ದ ನಮ್ಮವರು, ದಂಡುಗಟ್ಟಿ ಬರೋದನ್ನೇ ನಿಲ್ಲಿಸಿದ ಅಧಿವೇಶನದಿಂದ ವಾಪಸ್ ಬಂದರು. ನನಗೆ ಈ ವಿಷಯ ಎಷ್ಟು ಸಲ ಓದಿದರೂ ತುಟಿ ಮೇಲೆ ನಗು ಬರುತ್ತೆ.

ಎಂಟು ವರ್ಷ ಬಿಟ್ಟು ಇದರ ತದ್ವಿರುದ್ಧ ನಡೀತು. 1928ರಲ್ಲಿ ಮೋತಿಲಾಲ್ ನೆಹರೂ ಸಮಿತಿ ಭಾರತದ ಮುಂದಿನ ಸಂವಿಧಾನ ಹೇಗಿರಬೇಕು ಅಂತ ವರದಿ ಬರೀತಿತ್ತು. ಕರ್ನಾಟಕ ಏಕೀಕರಣ ಸಂಘ ಮತ್ತು ಪ್ರದೇಶ ಕಾಂಗ್ರೆಸ್ ಸಮಿತಿ, ಎರಡರ ಪರವಾಗಿ ಸಮಿತಿಯ ಮುಂದೆ ಹೋಗಿದ್ದು ಒಬ್ಬ ಪ್ರತಿನಿಧಿ. ದಂಡಿಲ್ಲ, ಘೋಷಣೆ ಇಲ್ಲ. ಇತಿಹಾಸ, ಸಂಸ್ಕೃತಿ, ಅಂಕಿಅಂಶ ಎಲ್ಲ ಸೇರಿಸಿ ತಯಾರಿಸಿದ ಮನವಿ ಇತ್ತು. ಸಮಿತಿ ಪ್ರಶ್ನೆ ಕೇಳಿತು, ಎಲ್ಲಕ್ಕೂ ತೃಪ್ತಿಯಾಗೋ ಉತ್ತರ ಸಿಕ್ಕಿತು. ಕರ್ನಾಟಕ ಪ್ರಾಂತದ ಬೇಡಿಕೆಗೆ ಮೇಲ್ನೋಟಕ್ಕೇ ಬಲವಾದ ಆಧಾರ ಇದೆ ಅಂತ ವರದಿಯಲ್ಲಿ ಬಂತು. ನಾಗಪುರದ ಎಂಟುನೂರು ಮಂದಿಯ ಕಥೆಯನ್ನ ಎಲ್ಲರೂ ಹೇಳ್ತಾರೆ, ಈ ಒಬ್ಬರ ಕಥೆಯನ್ನ ಯಾರೂ ಹೇಳಲ್ಲ. ನನ್ನ ಕೇಳಿದರೆ ಹೋಮ್‌ವರ್ಕ್ ಮಾಡಿಕೊಂಡು ಹೋದ ಒಬ್ಬರು ಎಂಟುನೂರು ಮಂದಿಗೆ ಸಮ.

‘ಪ್ರತಿನಿಧಿ’ ಪದವನ್ನ ಇಲ್ಲಿ ತನಕ ಸುಮ್ಮನೆ ಬಳಸಿಬಿಟ್ಟೆ. ಅದರ ಹಿಂದೆ ಒಂದು ಸ್ವಾರಸ್ಯ ಇದೆ. ಯಜ್ಞದ ಲೆಕ್ಕದಲ್ಲಿ ಪ್ರತಿನಿಧಿ ಅಂದ್ರೆ ಬದಲಿ ವಸ್ತು. ಹೇಳಿದ ಅಕ್ಕಿ ಸಿಗಲಿಲ್ಲ, ಕಾಡುಅಕ್ಕಿ ಹಾಕು. ಸೋಮಲತೆ ಸಿಗಲಿಲ್ಲ, ಪೂತೀಕ ಅನ್ನೋ ಬಳ್ಳಿ ಹಾಕು. ಯಾವುದಕ್ಕೆ ಬದಲಿ ನಡೆಯುತ್ತೆ, ಯಾವುದಕ್ಕೆ ನಡೆಯಲ್ಲ ಅಂತ ಮೀಮಾಂಸಾ ಶಾಸ್ತ್ರದವರು ಉದ್ದಕ್ಕೆ ವಾದ ಮಾಡಿದ್ದಾರೆ. ಜೈಮಿನಿ ಹೇಳೋದು ಏನಂದ್ರೆ ವಸ್ತುವಿಗೆ ಬದಲಿ ಇದೆ, ದೇವತೆಗೆ ಬದಲಿ ಇಲ್ಲ, ಮಂತ್ರಕ್ಕೆ ಇಲ್ಲ. ಯಜಮಾನನಿಗೂ ಇಲ್ಲ. ಯಾರಿಗಾಗಿ ಯಜ್ಞ ನಡೆಯುತ್ತೋ ಆ ಒಡೆಯನ ಜಾಗದಲ್ಲಿ ಇನ್ನೊಬ್ಬನನ್ನ ಕೂಡಿಸೋ ಹಾಗಿಲ್ಲ.

1953ರಲ್ಲಿ ಹುಬ್ಬಳ್ಳಿಯಲ್ಲಿ ಆಗಿದ್ದನ್ನ ಓದುವಾಗ ನನಗೆ ಇದೇ ನೆನಪಾಗುತ್ತೆ.

ಸ್ವಾತಂತ್ರ್ಯ ಬಂದಿತ್ತು. ಏಕೀಕರಣ ಮಾತ್ರ ಬಂದಿರಲಿಲ್ಲ. 1948ರಲ್ಲಿ ಧರ್ ಆಯೋಗ ಭಾಷಾವಾರು ಪ್ರಾಂತ ಈಗ ಬೇಡ ಅಂದಿತು. ಮುಂದೆ ನೆಹರೂ, ಪಟೇಲ್, ಪಟ್ಟಾಭಿ ಸೀತಾರಾಮಯ್ಯ ಇದ್ದ ಸಮಿತಿ ಕೂಡ ಕಾಯಿರಿ ಅಂದಿತು. 1952ರ ಡಿಸೆಂಬರಿನಲ್ಲಿ ಪೊಟ್ಟಿ ಶ್ರೀರಾಮುಲು ಉಪವಾಸ ಮಾಡ್ತಾ ತೀರಿಕೊಂಡರು, ಆಂಧ್ರಕ್ಕೆ ಒಪ್ಪಿಗೆ ಸಿಕ್ಕಿತು. 1953ರ ಜನವರಿಯಲ್ಲಿ ಹೈದರಾಬಾದಿನಲ್ಲಿ ಸೇರಿದ ಕಾಂಗ್ರೆಸ್ಸು ಕರ್ನಾಟಕಕ್ಕೆ ಅಂಥ ಮಾತು ಕೊಡಲಿಲ್ಲ. ನಮ್ಮ ನಾಯಕರು ಅದೇ ಪಕ್ಷದಲ್ಲಿದ್ದರು, ಅದೇ ಸಭೆಯಲ್ಲಿದ್ದರು. ಮನವಿ ಕೊಟ್ಟು, ಹಾರ ಹಾಕಿ, ಬರಿಗೈಯಲ್ಲಿ ಬರ್ತಿದ್ದಾರೆ ಅನ್ನೋ ಸಿಟ್ಟು ಜನರಲ್ಲಿ ಕುದೀತಿತ್ತು.

ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿಯವರು ಮುಂಬೈ ವಿಧಾನಸಭೆಯ ಸದಸ್ಯತ್ವಕ್ಕೆ ರಾಜೀನಾಮೆ ಕೊಟ್ಟು ತಮ್ಮೂರಿನಲ್ಲಿ ಉಪವಾಸ ಕೂತರು. ಇಲ್ಲಿ ಒಂದು ಕ್ಷಣ ನಿಲ್ಲಿ. ಅವರು ಚುನಾಯಿತ ಪ್ರತಿನಿಧಿ. ಆ ಪದವಿಯನ್ನ ಕಳಚಿಟ್ಟು ಊರಿನವನಾಗಿ ವಾಪಸ್ ಬಂದು ಕೂತಿದ್ದು. ಹುಬ್ಬಳ್ಳಿ ಪಕ್ಕದ ಅದರಗುಂಚಿಯಲ್ಲಿ ಶಂಕರಗೌಡ ಪಾಟೀಲರು ಉಪವಾಸ ಹಿಡಿದರು. ಅವರ ಜೀವಕ್ಕೆ ಏನಾಗುತ್ತೋ ಅಂತ ಜನ ಅದರಗುಂಚಿಯ ಕಡೆ ಹರಿದರು. ಏಪ್ರಿಲ್‌ನಲ್ಲಿ ಹುಬ್ಬಳ್ಳಿಯಲ್ಲಿ ಪ್ರದೇಶ ಕಾಂಗ್ರೆಸ್ ಸಮಿತಿಯ ಸಭೆ ಸೇರಿದಾಗ ಹೊರಗೆ ದೊಡ್ಡ ಗುಂಪು ಸೇರಿತು. ಗಲಾಟೆ ಆಯಿತು, ಪೊಲೀಸರು ಬಂದರು, ಅನೇಕರ ಬಂಧನವಾಯಿತು. ಆಮೇಲಿನ ಉಪಚುನಾವಣೆಯಲ್ಲಿ ಕಾಂಗ್ರೆಸ್ಸು ಸೋತು ಏಕೀಕರಣ ಪಕ್ಷದ ಅಭ್ಯರ್ಥಿ ಗೆದ್ದರು.

ಗಲಾಟೆಯನ್ನ ನಾನು ಹೊಗಳ್ತಿಲ್ಲ. ಆದರೆ ಒಳಗೆ ಕೂತವರು ಮೂವತ್ತು ವರ್ಷದಿಂದ ಯಾರ ಹೆಸರು ಹೇಳಿ ಮಾತಾಡ್ತಿದ್ದರೋ, ಆವತ್ತು ಅವರೇ ಬಾಗಿಲಿಗೆ ಬಂದಿದ್ದರು. ಇದರ ಗೌರವ ದೆಹಲಿಗೆ ಹೋದವರಿಗೆ ಸಿಕ್ಕಷ್ಟು ಬೀದಿಯಲ್ಲಿ ನಿಂತವರಿಗೆ ಸಿಕ್ಕಿಲ್ಲ ಅನ್ನೋದು ನನ್ನ ತಕರಾರು.

ಅದೇ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ರಾಜ್ಯ ಪುನರ್ವಿಂಗಡಣಾ ಆಯೋಗ ನೇಮಿಸಿತು. ಫಜಲ್ ಅಲಿ ಅಧ್ಯಕ್ಷರು, ಎಚ್. ಎನ್. ಕುಂಜ್ರು ಮತ್ತು ಕೆ. ಎಂ. ಪಣಿಕ್ಕರ್ ಸದಸ್ಯರು. ಆಗಲೇ ಹೇಳಿದ್ದೆನಲ್ಲ, ಮೇಲಿನಿಂದ ಇಳಿದು ಬರೋ ಆಯೋಗ, ಕೆಳಗಿನಿಂದ ಹತ್ತಿ ಹೋಗೋ ನಿಯೋಗ, ಎರಡೂ ಎದುರಾಗಿದ್ದು ಇಲ್ಲಿ. ಆಯೋಗ ದೇಶದ 104 ಊರು ಸುತ್ತಿತು, 38,000 ಮೈಲಿಗೂ ಹೆಚ್ಚು ಓಡಾಡಿತು, 9,000ಕ್ಕೂ ಹೆಚ್ಚು ಜನರನ್ನ ಭೇಟಿ ಮಾಡಿತು. ಬಂದ ಮನವಿ, ಠರಾವು, ಪತ್ರಗಳು ಎಷ್ಟು ಗೊತ್ತಾ? 1,52,250. ಆದರೆ ಅದರಲ್ಲಿ ವಿಚಾರ ಮಾಡಿ ಬರೆದ ಮನವಿಗಳು ಸುಮಾರು 2,000 ಮಾತ್ರ ಅಂತ ಆಯೋಗವೇ ಹೇಳಿತು. ಉಳಿದವು ನಮ್ಮ ಕಾಲದ ಫಾರ್ವರ್ಡ್ ಮೆಸೇಜ್ ಇದ್ದ ಹಾಗೆ.

1955ರ ಸೆಪ್ಟೆಂಬರ್ 30ಕ್ಕೆ ವರದಿ ಬಂತು. ಕನ್ನಡ ಪ್ರದೇಶಗಳು ಒಂದಾಗಲಿ ಅಂತ ಶಿಫಾರಸು ಇತ್ತು, ಜೊತೆಗೆ ಬಳ್ಳಾರಿ, ಹೊಸಪೇಟೆ ಕಡೆಯ ತಾಲೂಕುಗಳನ್ನ ಆಂಧ್ರಕ್ಕೆ ಕೊಡಬೇಕು ಅಂತಲೂ ಇತ್ತು. ಮತ್ತೆ ಮನವಿಗಳು ಹೊರಟವು, ಕೊನೆಗೆ ಬಳ್ಳಾರಿ ಉಳಿಯಿತು. ಕಾಸರಗೋಡು ಉಳಿಯಲಿಲ್ಲ. 1956ರ ನವೆಂಬರ್ 1ಕ್ಕೆ ಧಾರವಾಡ ಮುಂಬೈ ಬಿಟ್ಟು ಮೈಸೂರು ರಾಜ್ಯಕ್ಕೆ ಬಂತು. ಕರ್ನಾಟಕ ಅನ್ನೋ ಹೆಸರಿಗೆ ಇನ್ನೂ ಹದಿನೇಳು ವರ್ಷ ಕಾಯಬೇಕಾಯಿತು.

ಇದೆಲ್ಲ ಹಳೇ ಕಥೆ ಅನಿಸಿದರೆ ನಿಮ್ಮ ನಲ್ಲಿ ತಿರುಗಿಸಿ. ಹುಬ್ಬಳ್ಳಿ-ಧಾರವಾಡಕ್ಕೆ ಕುಡಿಯೋ ನೀರು ಬರೋದು ಮಲಪ್ರಭೆಯ ಅಣೆಕಟ್ಟಿನಿಂದ. ಅದಕ್ಕೆ ಮಹದಾಯಿಯ ನೀರು ಸೇರಿಸೋ ಕಳಸಾ-ಬಂಡೂರಿಗಾಗಿ 2015ರ ಜುಲೈನಲ್ಲಿ ನರಗುಂದದಲ್ಲಿ ರೈತರು ಧರಣಿ ಕೂತರು. ಆಗಸ್ಟ್ 24ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರ ನೇತೃತ್ವದಲ್ಲಿ ಸರ್ವಪಕ್ಷ ನಿಯೋಗ ದೆಹಲಿಗೆ ಹೋಗಿ ಪ್ರಧಾನಿಯನ್ನ ಕಂಡಿತು. ಫೋಟೋ ಬಂತು. ನೀರು ಬರಲಿಲ್ಲ. 2017ರ ಡಿಸೆಂಬರಿನ ಚಳಿಯಲ್ಲಿ ಈ ಕಡೆಯ ರೈತರು, ಹೆಣ್ಣುಮಕ್ಕಳು ಸಮೇತ, ತಾವೇ ಬೆಂಗಳೂರಿಗೆ ಹೋಗಿ ಮಲ್ಲೇಶ್ವರದ ಬಿಜೆಪಿ ಕಚೇರಿ ಎದುರು ಕೂತರು. 2018ರ ಆಗಸ್ಟ್ 14ಕ್ಕೆ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಅಂತ ತೀರ್ಪು ಕೊಟ್ಟಿತು. ಆಮೇಲಿನ ಕಥೆಗೆ ಇನ್ನೊಂದು ಎಪಿಸೋಡ್ ಬೇಕು.

ಕೊನೆಗೆ ನನ್ನದೇ ಒಂದು ಸಣ್ಣ ಕಥೆ. ಹೋದ ಬೇಸಿಗೆಯಲ್ಲಿ ನಮ್ಮ ಓಣಿಗೆ ಹನ್ನೊಂದು ದಿನ ನೀರು ಬರಲಿಲ್ಲ. ಓಣಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ನೂರಾ ನಲವತ್ತು ಮಂದಿ ಇದ್ದೀವಿ. ‘ನಿಯೋಗ ಹೋಗೋಣ’ ಅಂತ ಯಾರೋ ಹಾಕಿದರು, ಅರವತ್ತು ಹೆಬ್ಬೆರಳು ಬಿದ್ದವು. ಬೆಳಿಗ್ಗೆ ಹತ್ತಕ್ಕೆ ಆಫೀಸಿನ ಮುಂದೆ ಸೇರಿದ್ದು ನಾಲ್ಕು ಜನ. ನಾನು, ಇಬ್ಬರು ನಿವೃತ್ತ ಮಾಸ್ತರರು, ಹಾಲಿನ ಅಂಗಡಿಯ ಶಾಂತಕ್ಕ. ಸಾಹೇಬರು ಕುರ್ಚಿ ತೋರಿಸಿ ಕೇಳಿದ ಮೊದಲ ಮಾತು, ‘ಯಾರ ಕಡೆಯಿಂದ ಬಂದೀರಿ?’

ಯಾವ ಪಕ್ಷ, ಯಾವ ಸಂಘಟನೆ, ಯಾರ ಶಿಫಾರಸು ಅಂತ ಅವರು ಕೇಳಿದ್ದು. ನಾವು ಮೂವರು ಗಂಡಸರು ಒಬ್ಬರ ಮುಖ ಒಬ್ಬರು ನೋಡಿದೆವು. ಗುಂಪಿನ ಸ್ಕ್ರೀನ್‌ಶಾಟ್ ತೋರಿಸಲಾ ಅಂತ ನಾನು ಫೋನ್ ತೆಗೀತಿದ್ದೆ. ಅಷ್ಟರಲ್ಲಿ ಶಾಂತಕ್ಕ ಖಾಲಿ ಕೊಡವನ್ನ ಟೇಬಲ್ ಮೇಲೆ ಇಟ್ಟು, ‘ಓಣಿ ದೈವದವ್ರ ಕಡೆಯಿಂದ ಬಂದೇವ್ರಿ’ ಅಂದಳು.

ನಿಮ್ಮ ಊರಿನಲ್ಲಿ ಹೀಗೆ ಹೋಗೋ ನಾಲ್ಕು ಮಂದಿಗೆ ಏನಂತಾರೆ? ಹಳೇ ಪದ ಗೊತ್ತಿದ್ರೆ ವಾಯ್ಸ್ ನೋಟ್‌ನಲ್ಲಿ ಕಳಿಸಿ. ಅಜ್ಜಿಯ ಬಾಯಿಂದಲೇ ಹೇಳಿಸಿದರೆ ಇನ್ನೂ ಚಲೋ.